ಬೆಳ್ಳುಳ್ಳಿ ಕಷಾಯದಿಂದ ಹೃದಯದ ಬ್ಲಾಕೇಜ್ ಕರಗುತ್ತದೆಯೇ?

ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುದಿಸಿ ಕುಡಿದರೆ ಬ್ಲಾಕೇಜ್ ಕರಗುತ್ತದೆ, ಆಪರೇಷನ್ ಬೇಡ ಅನ್ನುವ ಮೆಸೇಜ್ ಆಗಾಗ ಬರುತ್ತಿರುತ್ತದೆ. ಇದು ನಿಜವಲ್ಲ. ಬ್ಲಾಕೇಜ್ ಅಂದರೆ ಮೇಲೆ ಅಂಟಿದ ಜಿಡ್ಡಲ್ಲ. ರಕ್ತನಾಳದ ಗೋಡೆಯೊಳಗೇ ಕೊಲೆಸ್ಟರಾಲ್, ಕ್ಯಾಲ್ಸಿಯಂ ಸೇರಿ ವರ್ಷಗಟ್ಟಲೆ ಬೆಳೆದದ್ದು. ಕಷಾಯ ಅದನ್ನು ತೊಳೆಯಲಾರದು. ಬೆಳ್ಳುಳ್ಳಿ ಕೊಲೆಸ್ಟರಾಲನ್ನು ಸ್ವಲ್ಪ ಇಳಿಸಬಹುದು, ಅಷ್ಟೇ.

ಹಾಗಂತ ಊಟಕ್ಕೆ ಬೆಲೆ ಇಲ್ಲ ಅಂತಲ್ಲ. ರಾಗಿ, ಕಾಳು, ಸೊಪ್ಪು, ಹಣ್ಣು, ಕಡಲೆಕಾಯಿ ಜಾಸ್ತಿ ತಿಂದು, ಉಪ್ಪನ್ನು ದಿನಕ್ಕೆ 5 ಗ್ರಾಂ ಒಳಗಿಟ್ಟರೆ ಹೃದಯಾಘಾತದ ಅಪಾಯ ನಿಧಾನವಾಗಿ ತಗ್ಗುತ್ತದೆ.

ಮೆಸೇಜ್ ಕಳಿಸುವವರದು ಕಾಳಜಿಯೇ, ಅಲ್ವಾ? ಆದರೂ ಒಮ್ಮೆ ನೋಡಿ: ಯಾವ ಅಧ್ಯಯನ, ಯಾವ ವರ್ಷ, ಎಷ್ಟು ಜನರ ಮೇಲೆ ಅಂತ ಅದರಲ್ಲಿದೆಯೇ? ಅದರ ಒಂದು ಸಾಲನ್ನು ಇಂಟರ್ನೆಟ್‌ನಲ್ಲಿ ಹುಡುಕಿ. ನಿಮ್ಮ ಡಾಕ್ಟರನ್ನೂ ಕೇಳಿ. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ.