ಕೇಸ್ ಹಿಸ್ಟರಿ ಯಾರ ಎದುರಿಗೆ ಕೇಳುತ್ತೀರಿ?

ಬಿಎಎಸ್‌ಎಲ್‌ಪಿ (ಕಿವಿ ಕೇಳದವರ, ಮಾತಿನ ತೊಂದರೆ ಇದ್ದವರ ಚಿಕಿತ್ಸೆ ಕಲಿಸುವ ಪದವಿ) ಸೇರಿದ ನಮ್ಮ ಬಳ್ಳಾರಿ, ಕೊಪ್ಪಳ ಕಡೆಯ ಹುಡುಗ ಹುಡುಗಿಯರು ಫೋನ್ ಮಾಡಿದಾಗಲೆಲ್ಲ ಅನಾಟಮಿ ಕಷ್ಟ, ಅಕೌಸ್ಟಿಕ್ಸ್ ತಲೆಗೆ ಹತ್ತುತ್ತಿಲ್ಲ ಅನ್ನುತ್ತಾರೆ. ಕೂತು ಓದಿದರೆ ಅವು ಬರುತ್ತವೆ. ನನಗೆ ಚಿಂತೆ ಇರುವುದು ಕೇಸ್ ಹಿಸ್ಟರಿಯದು, ಅಂದರೆ ಚಿಕಿತ್ಸೆಗೆ ಮೊದಲು ಮಗುವಿನ, ಮನೆಯವರ ಹಿನ್ನೆಲೆ ಕೇಳಿ ಬರೆದುಕೊಳ್ಳುವುದರದು. ನಾಲ್ಕು ವರ್ಷದ ಕೋರ್ಸು, ಅದರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಅಷ್ಟರಲ್ಲಿ ಫಾರಂ ತುಂಬುವುದನ್ನು ಚೆನ್ನಾಗಿಯೇ ಕಲಿಸುತ್ತೇವೆ. ಎದುರಿಗೆ ಕೂತವರನ್ನು ಹೇಗೆ ಕೇಳಬೇಕು ಅನ್ನುವುದನ್ನು ಅವರ ಪಾಡಿಗೆ ಬಿಟ್ಟುಬಿಡುತ್ತೇವೆ.

ಸಂಬಂಧದಲ್ಲಿ ಮದುವೆಯೇ? ಬಸುರಿದ್ದಾಗ ಕಾಯಿಲೆ ಇತ್ತೇ, ಮಾತ್ರೆ ತಗೊಂಡಿದ್ದರೇ? ಮಗು ಹುಟ್ಟಿದ ತಕ್ಷಣ ಅತ್ತಿತೇ? ಎಲ್ಲವೂ ಬೇಕಾದ ಪ್ರಶ್ನೆಗಳೇ. ರಕ್ತಸಂಬಂಧದ ಮದುವೆಗೂ ಹುಟ್ಟು ಕಿವುಡಿಗೂ ನಂಟಿದೆ, ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ, ಆದ್ದರಿಂದ ಕೇಳಲೇಬೇಕು. ಆದರೆ ಕೇಳುವಾಗ ಪಕ್ಕದಲ್ಲಿ ಯಾರಿದ್ದಾರೆ ನೋಡಿ. ಅತ್ತೆ ಇರುತ್ತಾರೆ. ಸೀಳುತುಟಿಯ ಆಪರೇಷನ್ ಆದ ಮಗುವನ್ನು ಮಾತಿನ ತರಬೇತಿಗೆ ಕರೆತಂದಿರುತ್ತಾರೆ. "ಬಸುರಿದ್ದಾಗ ಏನಾದ್ರೂ ತೊಂದ್ರೆ ಆಗಿತ್ತಾ?" ಅಂದ ಕೂಡಲೇ, "ಗ್ರಹಣದಾಗ ಹೊರಗ ಬರಬ್ಯಾಡ ಅಂತ ಬಡಕೊಂಡೆ ರೀ ಮೇಡಂ, ಈಕಿ ಕೇಳಲಿಲ್ಲ" ಎಂಬ ಉತ್ತರ. ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಾಳೆ. ವಿದ್ಯಾರ್ಥಿನಿ ತಲೆ ಎತ್ತದೆ 'ನಾಟ್ ಸಿಗ್ನಿಫಿಕೆಂಟ್' ಅಂತ ಬರೆದು ಮುಂದಿನ ಕಾಲಂಗೆ ಹೋಗುತ್ತಾಳೆ. ಗ್ರಹಣಕ್ಕೂ ಮಗುವಿನ ತುಟಿಗೂ ಸಂಬಂಧವೇ ಇಲ್ಲ ಎಂದು ಆ ಕೋಣೆಯಲ್ಲಿ ಹೇಳಬೇಕಾದವರು ನಾವು. ನಾವು ಸುಮ್ಮನಿದ್ದರೆ, ಮನೆಯಲ್ಲಿ ದಿನಾ ಕೇಳಿದ ಬೈಗುಳಕ್ಕೆ ಆಸ್ಪತ್ರೆಯ ಸೀಲು ಬಿದ್ದಂತೆ. ಅತ್ತೆಯನ್ನು ಮರ್ಯಾದೆಯಿಂದ ಹೊರಗೆ ಕೂರಿಸಿ, ತಾಯಿಯೊಬ್ಬಳನ್ನೇ ಕೇಳಲು ಬರುತ್ತದಲ್ಲ.

ತಂದೆಯ ಹೆಸರಿನ ಕಾಲಂ ಇದಕ್ಕಿಂತ ಹರಿತ. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ ಕಾಯ್ದೆ 1982ರಲ್ಲೇ ಬಂತು. ಆದರೂ ನಮ್ಮ ಕಡೆಯ ಜಿಲ್ಲೆಗಳ ಹಳ್ಳಿಗಳಲ್ಲಿ ಆ ತಾಯಂದಿರಿದ್ದಾರೆ, ಅವರ ಮಕ್ಕಳು ಮೊಮ್ಮಕ್ಕಳಿದ್ದಾರೆ. ಎಂಟು ವರ್ಷದ ಮಗುವಿಗೆ ಎಲ್ಲಾ ತಿಳಿಯುತ್ತದೆ. ಸಾಲಿನಲ್ಲಿ ನಿಂತವರ ಕಿವಿಗೆಲ್ಲ ಬೀಳುವಂತೆ "ಅಪ್ಪನ ಹೆಸರೇನು?" ಅಂತ ಕೇಳಿ, ಆಮೇಲೆ ಚಿತ್ರ ತೋರಿಸಿ "ಇದೇನು ಹೇಳು" ಅಂದರೆ ಅದು ಯಾಕೆ ಬಾಯಿ ಬಿಡಬೇಕು? "ಮನ್ಯಾಗ ಯಾರ‍್ಯಾರು ಇರ್ತೀರಿ, ಮಗೂನ್ನ ಯಾರು ನೋಡ್ಕೊಂತೀರಿ?" ಎಂದು ಕೇಳಿದರೆ ಥೆರಪಿಗೆ ಬೇಕಾದದ್ದೆಲ್ಲ ಸಿಗುತ್ತದೆ.

ಟ್ರಾಮಾ-ಇನ್ಫಾರ್ಮ್ಡ್ ಕೇರ್ ಅಂದರೆ ಇದೇ. ಅಮೆರಿಕ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ ಸ್ಯಾಮ್ಸಾ 2014ರಲ್ಲಿ ಇದನ್ನು ನಾಲ್ಕು ಮಾತಿನಲ್ಲಿ ಹೇಳಿತು: ಮನಸ್ಸಿಗೆ ಬಿದ್ದ ಪೆಟ್ಟು ಎಷ್ಟು ಜನರಲ್ಲಿದೆ ಎಂಬ ಅರಿವಿರಲಿ, ಗುರುತಿಸಿ, ಅದಕ್ಕೆ ತಕ್ಕಂತೆ ನಡೆದುಕೊಳ್ಳಿ, ಮತ್ತೆ ಗಾಯ ಮಾಡಬೇಡಿ. ಹಾಗಂತ ಮಾತಾಡದ ಪ್ರತಿ ಮಗುವಿನ ಹಿಂದೆ ದುರಂತ ಹುಡುಕುವುದೂ ತಪ್ಪೇ. ಮನೆಯಲ್ಲಿ ಅರಳು ಹುರಿದಂತೆ ಮಾತಾಡಿ ಶಾಲೆಯಲ್ಲಿ ತುಟಿ ಬಿಚ್ಚದ ಮಗುವಿನ ಸೆಲೆಕ್ಟಿವ್ ಮ್ಯೂಟಿಸಂ ಅನ್ನು ಮನೋವೈದ್ಯರ ಕೈಪಿಡಿ ಡಿಎಸ್ಎಂ-5 ಆತಂಕದ ಸಮಸ್ಯೆಗಳ ಸಾಲಿಗೆ ಸೇರಿಸಿದೆ. ಮನೋವೈದ್ಯರ ಕೆಲಸ ಅವರೇ ಮಾಡಲಿ. ಆದರೆ ಥೆರಪಿ ನಡುವೆ ಮಗು ಲೈಂಗಿಕ ದೌರ್ಜನ್ಯದ ವಿಷಯ ಹೇಳಿದರೆ, ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇಂಟರ್ನ್ ಆದವರಿಗೂ ವಿನಾಯಿತಿ ಇಲ್ಲ. ಇದನ್ನು ಎಷ್ಟು ಕಡೆ ಪೋಸ್ಟಿಂಗ್‌ಗೆ ಮೊದಲೇ ಹೇಳಿಕೊಡುತ್ತಾರೆ?

ಬಾಯಿ ಪರೀಕ್ಷೆಯೂ ಅಷ್ಟೇ. ಆಪರೇಷನ್ ಆದ ಮಗುವಿಗೆ ಟಾರ್ಚು, ನಾಲಿಗೆ ಒತ್ತುವ ಕಡ್ಡಿ ಕಂಡರೆ ಜೀವ ಹೋಗುತ್ತದೆ. ಟಾರ್ಚನ್ನು ಮೊದಲು ಅದರ ಕೈಗೆ ಕೊಡಿ. ಅಮ್ಮನ ಬಾಯಿ ನೋಡಲಿ, ನಿಮ್ಮ ಬಾಯಿ ನೋಡಲಿ. "ನೀ ಕೈ ಎತ್ತಿದ್ರ ನಾ ನಿಲ್ಲಸ್ತೀನಿ" ಅನ್ನಿ, ಎತ್ತಿದಾಗ ನಿಜವಾಗಿ ನಿಲ್ಲಿಸಿ. ಕೈಕಾಲು ಹಿಡಿಸಿ ನೋಡಿದರೆ ಬೇಗ ಮುಗಿಯುತ್ತದೆ, ನಿಜ. ಸಂಡೂರಿನಿಂದಲೋ ದೇವದುರ್ಗದಿಂದಲೋ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದ ತಾಯಿ, ಅತ್ತು ಅತ್ತು ಸುಸ್ತಾದ ಮಗುವನ್ನು ಮುಂದಿನ ವಾರ ಮತ್ತೆ ಕರೆತರುತ್ತಾಳಾ?

ಇಷ್ಟನ್ನೂ ವಿದ್ಯಾರ್ಥಿಗಳ ತಲೆಗೆ ಕಟ್ಟಿ ನಾವು ಹಿರಿಯರು ಸುಮ್ಮನಿರುವುದು ಅನ್ಯಾಯ. ಲಾಗ್‌ಬುಕ್ಕಿನಲ್ಲಿ ಗಂಟೆ ತುಂಬಿಸಬೇಕಾದವಳಿಗೆ ಮಗು ಮಾತಾಡುವವರೆಗೆ ಕಾಯಲು ಪುರುಸೊತ್ತು ಎಲ್ಲಿಂದ ಬರಬೇಕು? ತಾಯಿಯ ಎದುರಿಗೇ ಅವಳ ಸೆಷನ್ ಪ್ಲಾನ್ ಬಿಸಾಡಿ ಬೈದರೆ, ಬೆದರಿದ ಮಗುವನ್ನು ಸಮಾಧಾನ ಮಾಡುವ ಶಕ್ತಿ ಅವಳಲ್ಲಿ ಉಳಿದಿರುತ್ತದಾ? ತಮ್ಮನಿಗೆ ಕಿವಿ ಕೇಳದು ಅಂತ, ತನಗೇ ಉಗ್ಗು ಇತ್ತು ಅಂತ ಈ ಕೋರ್ಸಿಗೆ ಬಂದವರಿದ್ದಾರೆ. ಪ್ರತಿ ಕೇಸಿನಲ್ಲೂ ಅವರಿಗೆ ತಮ್ಮ ಮನೆಯೇ ಕಾಣುತ್ತದೆ. ಭಾರದ ಕಥೆ ಕೇಳಿ ಹಾಸ್ಟೆಲ್ಲಿಗೆ ಹೋಗಿ ರಾತ್ರಿಯೆಲ್ಲ ರಿಪೋರ್ಟ್ ಬರೆಯುತ್ತಾರೆ, "ಉಂಡ್ಯಾ, ಹೆಂಗದಿ?" ಅನ್ನುವವರಿಲ್ಲ. ಸ್ಯಾಮ್ಸಾ ಹೇಳಿದ 'ಗುರುತಿಸಿ' ಎಂಬ ಮಾತಿನೊಳಗೆ ಸಿಬ್ಬಂದಿಯೂ ಸೇರಿದ್ದಾರೆ.

ಸೂಪರ್‌ವೈಸರ್‌ಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಬೈಯುವುದಿದ್ದರೆ ಬಾಗಿಲು ಹಾಕಿ ಬೈಯಿರಿ. ಸೆಷನ್ ಮುಗಿದ ಮೇಲೆ ಹತ್ತು ನಿಮಿಷ ಜೊತೆಗೆ ಕೂರಿ. "ಈ ಕೇಸು ಇವತ್ತು ನನ್ನ ಕೈಲಿ ಆಗಲ್ಲ ಮೇಡಂ" ಅಂದವಳ ಅಂಕ ಕಡಿಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಅನ್ನು ಕ್ಲಿನಿಕ್ಕಿನ ಗೋಡೆಗೆ ಅಂಟಿಸಿ, ತಾಯಂದಿರಿಗೂ ಬೇಕು, ವಿದ್ಯಾರ್ಥಿಗಳಿಗೂ ಬೇಕು. ನನ್ನ ಹತ್ತಿರ ಪೋಸ್ಟಿಂಗ್‌ಗೆ ಬಂದವರಿಗೆ ಮೊದಲ ವಾರ ಫಾರಂ ಕೊಡುವುದಿಲ್ಲ. ನಾನು ಕೇಳುತ್ತೇನೆ, ಅವರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ, ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನಾನು ಎಲ್ಲಿ ಹೇಗೆ ಕೇಳಿದೆ ಅಂತ ಅವರೇ ನನಗೆ ಹೇಳುತ್ತಾರೆ.