‘ಧಾರವಾಡದಾಗ ನೋಡೂಣು’ ಅನ್ನುವ ಧೈರ್ಯ

ಹಾವೇರಿ, ಗದಗ, ಹುಬ್ಬಳ್ಳಿ ಕಡೆ ಕೇಸು ಸೋತವರ ಬಾಯಲ್ಲಿ ಮೊದಲು ಬರುವ ಮಾತು, "ಹೋಗ್ಲಿ ಬಿಡ್ರಿ, ಧಾರವಾಡದಾಗ ನೋಡೂಣು." 2008ಕ್ಕೆ ಮುಂಚೆ ಆ ಜಾಗದಲ್ಲಿ ಬೆಂಗಳೂರು ಇತ್ತು. ಆ ವರ್ಷ ಹೈಕೋರ್ಟಿನ ಸಂಚಾರಿ ಪೀಠ ಧಾರವಾಡಕ್ಕೆ ಬಂತು, 2013ರಲ್ಲಿ ಕಾಯಂ ಆಯಿತು. ಈಗ ಹಾವೇರಿಯಿಂದ ಬೆಳಗ್ಗೆ ಬಸ್ ಹತ್ತಿದರೆ ಸಂಜೆಗೆ ಮನೆಗೆ ವಾಪಸ್. ಒಳ್ಳೆಯದೇ. ಆದರೆ ಕೋರ್ಟು ಹತ್ತಿರ ಬಂದಷ್ಟೂ ಈ ಮಾತು ಇನ್ನೂ ಸಲೀಸಾಗಿದೆ ಅನಿಸುತ್ತದೆ ನನಗೆ.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ವಕೀಲನಲ್ಲ. ಆದರೆ ಊರಲ್ಲಿ ಹೊಲದ ಕೇಸು ಇರುವ ಮನೆಯವನು, ಅಂದರೆ ಅರ್ಧ ವಕೀಲ. ಇಲ್ಲಿ ಒಮ್ಮೆ ಜ್ಯೂರಿಗೂ ಕರೆ ಬಂದಿತ್ತು. (ಪಾಸ್‌ಪೋರ್ಟ್ ಭಾರತದ್ದಾದರೂ ಇಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಕರೆಯುತ್ತಾರೆ.) ಜ್ಯೂರಿ ಕೋಣೆಯ ಮಾತು ಹೊರಗೆ ಹೇಳಿದರೆ ಅದೇ ಅಪರಾಧ, ಹಾಗಾಗಿ ಆ ವಿಷಯ ಬೇಡ. ಹೇಳಬಹುದಾದದ್ದು ಇಷ್ಟು: ಹನ್ನೆರಡು ಜನ ಸಾಕ್ಷಿ ಕೇಳುತ್ತಾರೆ, ಒಳಗೆ ಹೋಗುತ್ತಾರೆ, ಬಂದು ತಪ್ಪಿತಸ್ಥ ಅಥವಾ ಅಲ್ಲ ಅನ್ನುತ್ತಾರೆ. ಕಾರಣ ಹೇಳುವುದಿಲ್ಲ.

ಕಾರಣವೇ ಇಲ್ಲದಿದ್ದರೆ ಮೇಲಿನ ಕೋರ್ಟು ಏನನ್ನು ತೂಗಬೇಕು? ಅದಕ್ಕೇ ಇಲ್ಲಿನ ಅಪೀಲು ಇಕ್ಕಟ್ಟು. ಮೊದಲು ಅನುಮತಿ ಬೇಕು. ಆಮೇಲೆ ಕೇಳುವುದು ಒಂದೇ ಪ್ರಶ್ನೆ, ಈ ಶಿಕ್ಷೆಯ ತೀರ್ಪನ್ನು ನಂಬಿ ಕೂರಬಹುದೇ? ಜಡ್ಜ್ ಜ್ಯೂರಿಗೆ ತಪ್ಪು ಸೂಚನೆ ಕೊಟ್ಟರೇ, ಬರಬಾರದ ಸಾಕ್ಷ್ಯ ಒಳಗೆ ಬಂತೇ, ಹೊಸದೇನಾದರೂ ಸಿಕ್ಕಿದೆಯೇ, ಇಂಥವು. ಜ್ಯೂರಿ ಬಿಡುಗಡೆ ಅಂದರೆ ಸರ್ಕಾರಕ್ಕೆ ಆ ತೀರ್ಪಿನ ಮೇಲೆ ಅಪೀಲೇ ಇಲ್ಲ. 2003ರ ಕಾಯ್ದೆ ಬಂದ ಮೇಲೆ, ಗಂಭೀರ ಅಪರಾಧದಲ್ಲಿ ಬಲವಾದ ಹೊಸ ಸಾಕ್ಷ್ಯ ಸಿಕ್ಕರೆ ಮಾತ್ರ ಮರುವಿಚಾರಣೆ. 1993ರ ಸ್ಟೀಫನ್ ಲಾರೆನ್ಸ್ ಕೊಲೆಯಲ್ಲಿ, 1996ರಲ್ಲಿ ಬಿಡುಗಡೆಯಾದವನೊಬ್ಬನಿಗೆ 2012ರಲ್ಲಿ ಶಿಕ್ಷೆಯಾದದ್ದು ಹಾಗೆ.

ಸಿವಿಲ್ ಕೇಸಿನಲ್ಲಿ ಸಾಮಾನ್ಯವಾಗಿ ಜ್ಯೂರಿ ಇರುವುದಿಲ್ಲ, ಜಡ್ಜೇ ಕಾರಣ ಬರೆಯುತ್ತಾರೆ. ಆದರೂ ಮೇಲಿನವರು ಸಂಗತಿಗಳಿಗೆ ಸುಲಭಕ್ಕೆ ಕೈ ಹಾಕುವುದಿಲ್ಲ. 2014ರಲ್ಲಿ ‘ಗ್ರೀಕ್ ಮೊಸರು’ ಎಂಬ ಹೆಸರಿಗಾಗಿ ಎರಡು ಕಂಪನಿಗಳು ಕಿತ್ತಾಡಿದ ಕೇಸಿನಲ್ಲಿ ಇಲ್ಲಿನ ಅಪೀಲು ಕೋರ್ಟು ಇದನ್ನು ಚೆನ್ನಾಗಿ ಹೇಳಿತು. ವಿಚಾರಣೆ ಅನ್ನುವುದು ನಾಟಕದ ತಾಲೀಮಲ್ಲ, ಮೊದಲ ಪ್ರಯೋಗವೂ ಅದೇ, ಕೊನೆಯದೂ ಅದೇ ಎಂಬರ್ಥದ ಮಾತು. ಮೊಸರಿನ ಜಗಳದಲ್ಲಿ ಇಂಥ ಮಾತು ಹುಟ್ಟಿತಲ್ಲ ಅಂತ ನನಗೆ ಈಗಲೂ ನಗು.

ನಮ್ಮಲ್ಲಿ ಲೆಕ್ಕವೇ ಬೇರೆ. ಜ್ಯೂರಿ ಹೋಗಿ ಎಷ್ಟೋ ಕಾಲವಾಯಿತು. ಸೆಷನ್ಸ್ ಜಡ್ಜ್ ಪ್ರತಿ ಸಾಕ್ಷಿಯನ್ನು ಯಾಕೆ ನಂಬಿದೆ, ಯಾಕೆ ನಂಬಲಿಲ್ಲ ಎಂದು ಬರೆಯಲೇಬೇಕು. ಸಣ್ಣಪುಟ್ಟ ಶಿಕ್ಷೆ ಬಿಟ್ಟರೆ, ಶಿಕ್ಷೆಯಾದವನಿಗೆ ಅಪೀಲು ಹಕ್ಕು. ಹೈಕೋರ್ಟು ಇಡೀ ಸಾಕ್ಷ್ಯವನ್ನು ತಾನೇ ಮತ್ತೆ ಓದಿ ತನ್ನದೇ ತೀರ್ಮಾನಕ್ಕೆ ಬರಬಹುದು. ಸಾಕ್ಷಿಗಳ ತಲೆ ಎಣಿಸುವ ಹಾಗಿಲ್ಲ, ಒಬ್ಬನೇ ಆದರೂ ಪೂರ್ತಿ ನಂಬುವಂಥವನಾದರೆ ಸಾಕು ಎಂದು 1957ರ ವಡಿವೇಲು ತೇವರ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅರೆಬರೆ ನಂಬುವಂಥವನಾದರೆ ಅವನ ಮಾತಿಗೆ ಬೇರೆ ಕಡೆಯಿಂದ ಬೆಂಬಲ ಬೇಕು.

ಬಿಡುಗಡೆಯ ತೀರ್ಪಿನ ಮೇಲೂ ನಮ್ಮಲ್ಲಿ ಅಪೀಲು ಉಂಟು. ಸರ್ಕಾರ ಹೈಕೋರ್ಟಿನ ಅನುಮತಿ ಪಡೆದು ಹೋಗಬೇಕು. 2009ರ ತಿದ್ದುಪಡಿಯಿಂದ ಸಂತ್ರಸ್ತರಿಗೂ ಆ ಹಕ್ಕು ಬಂತು, ಅವರಿಗೆ ಅನುಮತಿಯೂ ಬೇಡ ಎಂದು 2018ರಲ್ಲಿ ನಮ್ಮ ಕರ್ನಾಟಕದ ಪ್ರಕರಣವೊಂದರಲ್ಲೇ ತೀರ್ಮಾನವಾಯಿತು. ಆದರೆ ಇದಕ್ಕೆ ಒಂದು ತಡೆ ಇದೆ. 2007ರ ಚಂದ್ರಪ್ಪ ಪ್ರಕರಣ, ಅದೂ ನಮ್ಮ ರಾಜ್ಯದ್ದೇ, ಹೇಳಿದ್ದು ಹೀಗೆ: ಮತ್ತೆ ತೂಗುವ ಅಧಿಕಾರ ಪೂರ್ತಿ ಇದೆ. ಆದರೆ ಆರೋಪಿ ಮೊದಲೇ ನಿರಪರಾಧಿ ಎನ್ನುವ ನಂಬಿಕೆಯ ಮೇಲೆ ಈಗ ಒಂದು ಕೋರ್ಟಿನ ಮುದ್ರೆಯೂ ಬಿದ್ದಿದೆ. ಅದೇ ಸಾಕ್ಷ್ಯದಿಂದ ಎರಡು ಬಗೆಯ ತೀರ್ಮಾನಕ್ಕೂ ಬರಬಹುದಾದರೆ ಬಿಡುಗಡೆಯನ್ನು ಕದಲಿಸಬಾರದು.

ಕ್ರಿಮಿನಲ್ ಕೇಸಿನಲ್ಲಿ ನನ್ನ ವೋಟು ನಮ್ಮ ಪದ್ಧತಿಗೇ. ಕಾರಣ ಇಂಗ್ಲೆಂಡಿನ ಆ್ಯಂಡ್ರೂ ಮಾಲ್ಕಿನ್ಸನ್. 2004ರಲ್ಲಿ ಅತ್ಯಾಚಾರದ ಕೇಸಿನಲ್ಲಿ ಶಿಕ್ಷೆಯಾಯಿತು. ಅವನ ಡಿಎನ್‌ಎ ಎಲ್ಲೂ ಸಿಕ್ಕಿರಲಿಲ್ಲ, ಕೇಸು ನಿಂತದ್ದು ಗುರುತು ಹಿಡಿದವರ ಮಾತಿನ ಮೇಲೆ. ಹದಿನೇಳು ವರ್ಷ ಜೈಲು. ತಪ್ಪು ತೀರ್ಪುಗಳನ್ನು ಮತ್ತೆ ನೋಡಲೆಂದೇ ಇರುವ ಆಯೋಗ ಎರಡು ಸಲ ಬಾಗಿಲು ಹಾಕಿತು. ಕೊನೆಗೆ ಡಿಎನ್‌ಎ ಇನ್ನೊಬ್ಬನ ಕಡೆ ಬೊಟ್ಟು ಮಾಡಿದ ಮೇಲೆ, 2023ರಲ್ಲಿ ಶಿಕ್ಷೆ ರದ್ದಾಯಿತು. ಮೊದಲ ಅಪೀಲಿನಲ್ಲೇ ಯಾರಾದರೂ ಕೂತು ಆ ಗುರುತಿನ ಸಾಕ್ಷ್ಯವನ್ನು ಸಾಲುಸಾಲಾಗಿ ತೂಗುವ ಪದ್ಧತಿ ಇದ್ದಿದ್ದರೆ? ಬಿಡುಗಡೆಯಾಗೇ ಬಿಡುತ್ತಿತ್ತು ಅನ್ನಲಾರೆ. ಕೇಳುವ ಅವಕಾಶವಾದರೂ ಇರುತ್ತಿತ್ತು, ಅಲ್ವಾ?

ಸಿವಿಲ್ ವಿಷಯಕ್ಕೆ ಬಂದರೆ ನನ್ನ ಮನಸ್ಸು ಇಂಗ್ಲೆಂಡಿನ ಕಡೆ ವಾಲುತ್ತದೆ. ಸಿವಿಲ್ ಕೇಸಿನಲ್ಲಿ ಸಂಶಯಕ್ಕೆ ಎಡೆಯೇ ಇಲ್ಲದ ಪುರಾವೆ ಬೇಕಿಲ್ಲ, ಯಾವುದು ಹೆಚ್ಚು ಸಂಭವ ಅನ್ನುವುದರ ಮೇಲೆ ತೀರ್ಪು. ನಮ್ಮಲ್ಲಿ ಮೊದಲ ಅಪೀಲಿನಲ್ಲಿ ಸಂಗತಿ, ಕಾನೂನು ಎರಡನ್ನೂ ಮತ್ತೆ ನೋಡುತ್ತಾರೆ. ಸುಮ್ನೆ "ಕೆಳಗಿನ ತೀರ್ಪು ಸರಿ" ಅಂದರೆ ಸಾಲದು, ಅಂಶಗಳನ್ನು ಎತ್ತಿಕೊಂಡು ಕಾರಣ ಬರೆಯಬೇಕು. ತಿರುಗಿಸುವುದಾದರೆ ಕೆಳಗಿನ ಜಡ್ಜ್ ಕೊಟ್ಟ ಕಾರಣಗಳಿಗೆ ಉತ್ತರ ಕೊಡಬೇಕು. ಇದೆಲ್ಲ ಸರಿ. ಆದರೆ ಇಷ್ಟು ಅಗಲದ ಬಾಗಿಲು ಇದೆ ಎಂದೇ ನಮ್ಮ ಜನ ಕೆಳಗಿನ ಕೋರ್ಟನ್ನು ತಾಲೀಮು ಅಂದುಕೊಂಡಿದ್ದಾರೆ.

ನಮ್ಮ ಕಾಕಾನ ಕೇಸೇ ನೋಡಿ. ಹೊಲದ ವಾಟ್ನಿ, ಅಂದರೆ ಪಾಲಿನ ಜಗಳ. ಹಳೆಯ ವಾಟ್ನಿ ಪತ್ರ ಕಾಕಾನ ಟ್ರಂಕಿನಲ್ಲೇ ಇತ್ತು. "ಕಾಕಾ, ಈಗ್ಲೇ ಯಾಕ ಹಾಕವಲ್ರಿ?" ಎಂದು ಫೋನಿನಲ್ಲಿ ಕೇಳಿದ್ದೆ. "ಏ ತಮ್ಮಾ, ಎಲ್ಲಾ ಈಗ್ಲೇ ತೋರಿಸಿದ್ರ ಅವ್ರು ಹುಷಾರ್ ಆಗ್ತಾರ. ಅಪೀಲಿನಾಗ ಹಾಕೂಣು." ಕೇಸು ಹೋಯಿತು. ಅಪೀಲಿನಲ್ಲಿ ಹೊಸ ಕಾಗದ ಹಾಕಲು ಇರುವ ದಾರಿ ಮೂರೇ: ಕೆಳಗಿನ ಕೋರ್ಟು ತೆಗೆದುಕೊಳ್ಳಬೇಕಾದ್ದನ್ನು ಬೇಡ ಅಂದಿರಬೇಕು, ಎಷ್ಟು ಹುಡುಕಿದರೂ ಆಗ ಸಿಕ್ಕಿರಬಾರದು, ಇಲ್ಲವೇ ತೀರ್ಪು ಬರೆಯಲು ಅಪೀಲು ಕೋರ್ಟಿಗೇ ಅದು ಬೇಕು ಅನಿಸಬೇಕು. ಟ್ರಂಕಿನಲ್ಲಿದ್ದ ಕಾಗದ ಯಾವುದಕ್ಕೂ ಹೊಂದಲಿಲ್ಲ. ಧಾರವಾಡಕ್ಕೆ ಆರ್‌ಎಸ್‌ಎ ಹಾಕಿದರು, ಅಂದರೆ ಎರಡನೇ ಅಪೀಲು. 1976ರ ತಿದ್ದುಪಡಿಯಾದಾಗಿನಿಂದ ಅಲ್ಲಿ ಗಟ್ಟಿಯಾದ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ ಜಾಗ. ಎರಡೂ ಕೋರ್ಟು ಒಂದೇ ಸಂಗತಿಯನ್ನು ಒಪ್ಪಿದ ಮೇಲೆ ಅದನ್ನು ಅಲುಗಿಸುವುದು ಕಷ್ಟ. "ಕಾಗದ ಯಾರೂ ನೋಡ್ಲೇ ಇಲ್ಲ" ಎಂದು ಕಾಕಾ ಈಗಲೂ ಸಿಟ್ಟಿನಲ್ಲಿದ್ದಾರೆ. ಸಿಟ್ಟು ಯಾರ ಮೇಲೆ ಅನ್ನುವುದು ನನಗೆ ತಿಳಿಯದು. ಕಾಗದ ಅಪೀಲಿನಲ್ಲಿ ಹಾಕೋಣ ಎಂದು ಕಾಕಾನಿಗೆ ಸಲಹೆ ಕೊಟ್ಟವರು ಹಾಯಾಗಿದ್ದಾರೆ.

ಇನ್ನೊಂದು ವಿಷಯ ಜಾಸ್ತಿ ಕಾಡುತ್ತದೆ. ಮತ್ತೆ ತೂಗುತ್ತೇವೆ ಅನ್ನುತ್ತೇವಲ್ಲ, ತೂಗುವುದು ಏನನ್ನು? ಕಾಗದವನ್ನು. ಪಾಟೀಸವಾಲಿನಲ್ಲಿ ರೈತನೊಬ್ಬ ಒಂದು ಕ್ಷಣ ತಡೆದು "ಇಲ್ರಿ" ಅಂದಿರುತ್ತಾನೆ. ಹೇಳಿಕೆಯಲ್ಲಿ ಬರುವುದು, "ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಆ ತಡವರಿಕೆ ಎಲ್ಲಿ ಹೋಯಿತು? ಸಾಕ್ಷಿಯ ವರ್ತನೆಯನ್ನು ಜಡ್ಜ್ ಟಿಪ್ಪಣಿ ಮಾಡಬಹುದು ಎಂದು ಕಾನೂನಿನಲ್ಲಿದೆ. ಸಾಕ್ಷಿಯನ್ನು ಕಣ್ಣಾರೆ ಕಂಡ ಜಡ್ಜ್‌ನ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ತನ್ನ ಶುರುವಿನ ವರ್ಷಗಳಲ್ಲೇ ಹೇಳಿದೆ. ಆದರೆ ಅವರು ಕಂಡದ್ದು ಬರಹಕ್ಕೆ ಇಳಿಯದಿದ್ದರೆ ಧಾರವಾಡದ ನ್ಯಾಯಮೂರ್ತಿಗಳಿಗೆ ಅದು ತಿಳಿಯುವುದು ಹೇಗೆ?

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಅಂದರೆ ಕ್ರಿಮಿನಲ್ ಕೇಸು ನಡೆಸುವ ಹೊಸ ಕಾನೂನಿನಲ್ಲಿ, ಆರೋಪಿಯ ವಕೀಲರ ಎದುರು ಸಾಕ್ಷ್ಯವನ್ನು ಆಡಿಯೊ-ವಿಡಿಯೊ ಮಾಡಬಹುದು ಎಂದಿದೆ. ಮಾಡಬಹುದು, ಅಷ್ಟೇ. ಮಾಡಲೇಬೇಕು ಅಂತಿಲ್ಲ. ಹುಬ್ಬಳ್ಳಿ ವಿದ್ಯಾನಗರದಲ್ಲಿ ಅಷ್ಟು ದೊಡ್ಡ ಕೋರ್ಟ್ ಸಂಕೀರ್ಣ ಕಟ್ಟಿದ್ದಾರೆ. ಮೊದಲು ಅಂಥ ಕಡೆ, ಕೊಲೆ ಕೇಸುಗಳಿಂದ ಇದನ್ನು ಖಾಯಂ ಮಾಡಲಿ. ಹೊಲದ ಕೇಸುಗಳ ಸರದಿ ಆಮೇಲೆ ಬಂದರೂ ನಡೆದೀತು, ಕಾಕಾ ಒಪ್ಪಲಿಕ್ಕಿಲ್ಲ.