ಆ ಗೆಲುವಿಗೆ ಕಿಸೆನೊಸಾಟೊ ತೆತ್ತ ಬೆಲೆ

ನಿನ್ನೆ ರಾತ್ರಿಯಿಂದ ಒಂದೇ ವಿಡಿಯೊ ನಾಲ್ಕಾರು ಕಡೆಯಿಂದ ನನ್ನ ಫೋನಿಗೆ ಬಂದಿದೆ. ನನಗೆ ಸುಮೊ ಹುಚ್ಚೆಂದು ಬಲ್ಲ ಸ್ನೇಹಿತರು ಪ್ರೀತಿಯಿಂದಲೇ ಕಳಿಸಿದ್ದಾರೆ. ಎಡತೋಳಿಗೆ ಪಟ್ಟಿ ಸುತ್ತಿಕೊಂಡ ಜಟ್ಟಿಯೊಬ್ಬರು ಒಂದೇ ಸಂಜೆ ಒಬ್ಬನೇ ಎದುರಾಳಿಯನ್ನು ಎರಡು ಸಲ ಸೋಲಿಸುತ್ತಾರೆ, ಆಮೇಲೆ ರಾಷ್ಟ್ರಗೀತೆ ಮೊಳಗುವಾಗ ಕಣ್ಣೀರಿಡುತ್ತಾರೆ, ಪರದೆಯ ಮೇಲೆ ‘ನೋವನ್ನು ಮೆಟ್ಟಿ ನಿಂತವನೇ ವೀರ’ ಎಂಬ ಸಾಲು ಮೂಡುತ್ತದೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ. ಅದು ಅಲ್ಲಿಗೆ ಮುಗಿಯುವುದೇ ನನ್ನ ಕೋಪಕ್ಕೆ ಕಾರಣ, ಏಕೆಂದರೆ ಆ ಜಟ್ಟಿಯ ವೃತ್ತಿಜೀವನ ಕುಸಿಯತೊಡಗಿದ್ದು ಸರಿಯಾಗಿ ಆ ಕ್ಷಣದಿಂದಲೇ.

ಅವರು ಕಿಸೆನೊಸಾಟೊ ಯುಟಾಕಾ, ಸುಮೊ ಇತಿಹಾಸದ 72ನೆಯ ಯೊಕೊಝುನಾ, ಅಂದರೆ ಅತ್ಯುನ್ನತ ದರ್ಜೆಯಲ್ಲೂ ಎಲ್ಲರಿಗಿಂತ ಮೇಲಿನ ಪದವಿಗೇರಿದ ಜಟ್ಟಿ. ಅದು 2017ರ ಮಾರ್ಚ್ 26, ಒಸಾಕಾ ಟೂರ್ನಿಯ ಹದಿನೈದನೆಯ ಹಾಗೂ ಕೊನೆಯ ದಿನ. ಮೊದಲ ಹನ್ನೆರಡು ದಿನ ಅವರು ಒಂದೂ ಪಂದ್ಯ ಸೋತಿರಲಿಲ್ಲ. ಹದಿಮೂರನೆಯ ದಿನ ಹರುಮಫುಜಿ ಅವರು ಕಣದಿಂದಾಚೆ ತಳ್ಳಿದಾಗ ಕೆಳಗೆ ಬಿದ್ದು, ಎಡಭುಜ ಹಿಡಿದುಕೊಂಡು ನೋವಿನಿಂದ ನರಳಿದರು. ಎಡ ಎದೆಯ ಸ್ನಾಯುವಿಗೂ ಮೇಲ್ತೋಳಿಗೂ ಪೆಟ್ಟಾಗಿತ್ತು. ಮರುದಿನ ಪಟ್ಟಿ ಸುತ್ತಿಕೊಂಡು ಬಂದು ಕಾಕುರ್ಯು ಅವರೆದುರು ಪ್ರತಿರೋಧವೇ ಇಲ್ಲದೆ ಸೋತರು. ಮನೆಗೆ ಕಳಿಸಬೇಕಾಗಿದ್ದ ಆ ದೇಹವನ್ನು ಅದರ ಮರುದಿನವೂ ಕಣಕ್ಕಿಳಿಸಲಾಯಿತು. ತೆರುನೊಫುಜಿ ಅವರನ್ನು ಮೊದಲು ನಿಗದಿತ ಪಂದ್ಯದಲ್ಲಿ, ಅನಂತರ ಪ್ರಶಸ್ತಿ ನಿರ್ಣಯದ ಪಂದ್ಯದಲ್ಲಿ ಸೋಲಿಸಿ ಅವರು ಚಾಂಪಿಯನ್ ಆದರು.

ಗಾಯವಾದದ್ದು ಯಾವ ಕೈಗೆ ಎಂಬುದನ್ನು ವಿಡಿಯೊ ಮಾಡಿದವರು ಯೋಚಿಸಿದಂತಿಲ್ಲ. ಕಿಸೆನೊಸಾಟೊ ಅವರ ಸುಮೊ ಪೂರ್ತಿಯಾಗಿ ನಿಂತಿದ್ದುದೇ ಎಡಗೈಯ ಮೇಲೆ. ಎದುರಾಳಿ ಸೊಂಟಪಟ್ಟಿ ಹಿಡಿಯಲು ಚಾಚಿದ ಕೈಯನ್ನು ಹೊರಗಿನಿಂದ, ಕೆಳಗಿನಿಂದ ಒತ್ತಿ ಮೇಲೆತ್ತಿ, ಅವನ ಹಿಡಿತ ಕೂರದಂತೆ ಮಾಡಿ, ನೆಲಕ್ಕೂರಿದ ಅವನ ಭಾರವನ್ನೇ ಸಡಿಲಿಸುವ ‘ಒತ್ಸುಕೆ’ ಎಂಬ ಕೌಶಲದಲ್ಲಿ ಅವರ ಎಡಗೈಗಿದ್ದ ಬಲ ಆ ಕಾಲದ ಬೇರೆ ಯಾರಿಗೂ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. 2010ರ ನವೆಂಬರಿನಲ್ಲಿ, ಸತತ 63 ಪಂದ್ಯ ಗೆದ್ದು ಅಜೇಯರಾಗಿದ್ದ ಹಕುಹೊ ಅವರನ್ನು ತಡೆದು ನಿಲ್ಲಿಸಿದ್ದು ಇದೇ ಕಿಸೆನೊಸಾಟೊ. 2013ರಲ್ಲಿ ಅದೇ ಹಕುಹೊ ಅವರ 43 ಗೆಲುವುಗಳ ಇನ್ನೊಂದು ಸರಣಿಯನ್ನು ಮುರಿದದ್ದೂ ಇವರೇ. ಅಂಥ ಕಸುಬುದಾರನ ಕಸುಬಿನ ಕೈಯೇ ಹರಿದಿದ್ದಾಗ ಇನ್ನೆರಡು ದಿನ ಆಡು ಎನ್ನುವುದು ಯಾವ ಬಗೆಯ ಅಭಿಮಾನ?

ಅವರು ಅಲ್ಲಿಗೆ ತಲುಪಿದ ದಾರಿ ಎಷ್ಟು ದೀರ್ಘವಾಗಿತ್ತು ಎಂಬುದನ್ನೂ ನೆನೆಯಬೇಕು. ಇಬರಾಕಿ ಪ್ರಾಂತ್ಯದ ಉಶಿಕುವಿನಲ್ಲಿ ಬೆಳೆದ ಹುಡುಗ 2002ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಹಿಂದಿನ ಯೊಕೊಝುನಾ ತಕನೊಸಾಟೊ ಅವರ ಗರಡಿ ಸೇರಿದ. ಹದಿನೆಂಟಕ್ಕೇ ಅತ್ಯುನ್ನತ ದರ್ಜೆಗೆ ಏರಿದಾಗ ಈತ ಬೇಗನೆ ಯೊಕೊಝುನಾ ಆಗುತ್ತಾನೆಂದೇ ಎಲ್ಲರೂ ಭಾವಿಸಿದ್ದರು, ಆಗಲಿಲ್ಲ. 2011ರ ನವೆಂಬರಿನಲ್ಲಿ ಗುರುಗಳು ತೀರಿಕೊಂಡರು. ಅದೇ ತಿಂಗಳ ಕೊನೆಗೆ ಶಿಷ್ಯನಿಗೆ ಯೊಕೊಝುನಾಗಿಂತ ಒಂದೇ ಮೆಟ್ಟಿಲು ಕೆಳಗಿನ ಓಝೆಕಿ ಪದವಿ ಸಿಕ್ಕಿತು. ಅಲ್ಲಿಂದ ಐದು ವರ್ಷ ಅವರು ಎರಡನೆಯ ಸ್ಥಾನಗಳಲ್ಲೇ ಉಳಿದರು. 2016ರಲ್ಲಂತೂ ವರ್ಷದ ಆರು ಟೂರ್ನಿಗಳಲ್ಲಿ ಒಟ್ಟು 69 ಪಂದ್ಯ ಗೆದ್ದು, ಎಲ್ಲರಿಗಿಂತ ಹೆಚ್ಚು ಗೆಲುವು ಕಂಡರೂ ಒಂದು ಪ್ರಶಸ್ತಿಯೂ ಒಲಿಯಲಿಲ್ಲ. ಕೊನೆಗೆ 2017ರ ಜನವರಿಯಲ್ಲಿ ಮೊದಲ ಪ್ರಶಸ್ತಿ ಬಂತು, ಅದರ ಬೆನ್ನಿಗೇ ಯೊಕೊಝುನಾ ಪಟ್ಟವೂ ಬಂತು. ವಾಕನೊಹಾನಾ 1998ರಲ್ಲಿ ಆ ಪಟ್ಟಕ್ಕೇರಿದ ಮೇಲೆ ಜಪಾನಿನಲ್ಲಿ ಹುಟ್ಟಿದ ಯಾರಿಗೂ ಅದು ದಕ್ಕಿರಲಿಲ್ಲ. ಹತ್ತೊಂಬತ್ತು ವರ್ಷಗಳ ಆ ಹಸಿವೆಲ್ಲ ಒಬ್ಬ ಮನುಷ್ಯನ ಹೆಗಲೇರಿ ಕುಳಿತಿತು. ಟೋಕಿಯೊದ ಮೇಜಿ ದೇಗುಲದಲ್ಲಿ ಅವರು ಮೊದಲ ಸಲ ಯೊಕೊಝುನಾ ವಿಧಿ ನಡೆಸಿದಾಗ ನೋಡಲು ಸೇರಿದ್ದವರು ಸುಮಾರು 18,000 ಮಂದಿ. ಮಾರ್ಚಿನ ಟೂರ್ನಿ ಅವರು ಯೊಕೊಝುನಾ ಆಗಿ ಆಡಿದ ಮೊದಲ ಟೂರ್ನಿ. ‘ನನಗೆ ಆಗುವುದಿಲ್ಲ’ ಎನ್ನುವ ಸ್ವಾತಂತ್ರ್ಯ ಆ ಮನುಷ್ಯನಿಗೆ ಎಷ್ಟಿದ್ದೀತು?

ವಿಡಿಯೊ ತೋರಿಸದ ಭಾಗ ಹೀಗಿದೆ. ಮೇ ತಿಂಗಳಲ್ಲಿ ಗಾಯ ಮಾಗದೆಯೇ ಮತ್ತೆ ಕಣಕ್ಕಿಳಿದು ಹನ್ನೊಂದನೆಯ ದಿನ ಹೊರಬಂದರು. ಜುಲೈಯಲ್ಲಿ ಆರನೆಯ ದಿನ ಹೊರಬಂದರು. ಸೆಪ್ಟೆಂಬರಿನಲ್ಲಿ ಬರಲೇ ಇಲ್ಲ. ಒಟ್ಟು ಎಂಟು ಟೂರ್ನಿಗಳು, ಪೂರ್ತಿಯಾಗಿಯೋ ಭಾಗಶಃವೋ, ಹೀಗೆಯೇ ಕಳೆದವು. 2018ರ ಸೆಪ್ಟೆಂಬರಿನಲ್ಲಿ ಹತ್ತು ಗೆದ್ದು ಐದು ಸೋತಾಗ ಕ್ರೀಡಾಂಗಣ ಸಂಭ್ರಮಿಸಿತು. ನವೆಂಬರಿನಲ್ಲಿ ಮೊದಲ ನಾಲ್ಕು ದಿನವೂ ಸೋಲಾಯಿತು. ಯೊಕೊಝುನಾಗಳ ಯೋಗ್ಯತೆಯನ್ನು ಪರಿಶೀಲಿಸುವ ಸಮಿತಿ ಆಗ ಅವರಿಗೆ ‘ಪ್ರೋತ್ಸಾಹ’ದ ನಿರ್ಣಯವೊಂದನ್ನು ಹೊರಡಿಸಿತು. ಹರಿದ ಸ್ನಾಯುವಿಗೆ ನಿರ್ಣಯದಿಂದ ಏನಾದೀತು? 2019ರ ಜನವರಿಯಲ್ಲಿ ಮೂರು ದಿನ, ಮೂರು ಸೋಲು, 16ರಂದು ನಿವೃತ್ತಿ. ಆಗ ಅವರಿಗೆ ಮೂವತ್ತೆರಡು ವರ್ಷ. ಯೊಕೊಝುನಾ ಆಗಿ ಅವರ ಲೆಕ್ಕ 36 ಗೆಲುವು, 36 ಸೋಲು, 97 ಗೈರು. ಆ 36ರಲ್ಲಿ 13 ಗೆಲುವುಗಳು ಒಸಾಕಾದ ಆ ಒಂದೇ ಟೂರ್ನಿಯವು ಎಂಬುದನ್ನು ಗಮನಿಸಿದರೆ, ಮುಂದಿನ ಎರಡು ವರ್ಷ ಅವರಿಗೆ ಏನು ಉಳಿದಿತ್ತು ಎಂಬುದು ತಿಳಿಯುತ್ತದೆ.

ನನಗೆ ಇನ್ನೂ ಹೆಚ್ಚು ಸಿಟ್ಟು ಬರುವುದು, ಇದು ಹೀಗೇ ಆಗುತ್ತದೆಂದು ಜಪಾನಿಗೆ ಮೊದಲೇ ಗೊತ್ತಿತ್ತು ಎಂಬ ಕಾರಣಕ್ಕೆ. 2001ರ ಮೇ ತಿಂಗಳಲ್ಲಿ ಯೊಕೊಝುನಾ ತಕನೊಹಾನಾ ಹದಿನಾಲ್ಕನೆಯ ದಿನ ಮೊಣಕಾಲಿಗೆ ತೀವ್ರ ಗಾಯ ಮಾಡಿಕೊಂಡು, ಕೊನೆಯ ದಿನ ಅದೇ ಕಾಲಿನಲ್ಲಿ ನಿಂತು ಮುಸಾಶಿಮಾರು ಅವರನ್ನು ನಿರ್ಣಾಯಕ ಪಂದ್ಯದಲ್ಲಿ ಸೋಲಿಸಿದರು. ಪ್ರಧಾನಿ ಕೊಯಿಝುಮಿ ಸ್ವತಃ ಕಣವನ್ನೇರಿ ಕಪ್ ನೀಡುತ್ತ, ನೋವು ಸಹಿಸಿ ಚೆನ್ನಾಗಿ ಹೋರಾಡಿದಿರಿ, ನನ್ನ ಮನಸ್ಸು ತುಂಬಿ ಬಂತು ಎಂದು ಗಟ್ಟಿಯಾಗಿ ಕೂಗಿದರು. ಆ ಕೂಗು ಇಂದಿಗೂ ಅಲ್ಲಿನವರ ಬಾಯಲ್ಲಿದೆ. ತಕನೊಹಾನಾ ಅನಂತರ ಸತತ ಏಳು ಟೂರ್ನಿ ಆಡಲಿಲ್ಲ, 2003ರ ಜನವರಿಯಲ್ಲಿ ನಿವೃತ್ತರಾದರು. ಆ 22ನೆಯ ಪ್ರಶಸ್ತಿಯೇ ಅವರ ಕೊನೆಯದಾಯಿತು. ಹದಿನಾರು ವರ್ಷಗಳ ನಂತರ ಅದೇ ಕತೆ ನಡೆಯಿತು, ಅದೇ ಚಪ್ಪಾಳೆ ಬಿತ್ತು, ಅಂತ್ಯವೂ ಅದೇ ಆಯಿತು.

ಈ ಚಪ್ಪಾಳೆಯ ಹಿಂದೆ ಒಂದು ವ್ಯವಸ್ಥೆಯೂ ಇದೆ. ಸುಮೊದಲ್ಲಿ ಯೊಕೊಝುನಾ ಒಬ್ಬರನ್ನು ಬಿಟ್ಟು ಉಳಿದವರೆಲ್ಲರ ಸ್ಥಾನವೂ ಗೆಲುವು ಸೋಲುಗಳಿಗೆ ತಕ್ಕಂತೆ ಏರಿಳಿಯುತ್ತದೆ, ಗೈರನ್ನೂ ಸೋಲಿನ ಹಾಗೆಯೇ ಲೆಕ್ಕ ಹಿಡಿಯುತ್ತಾರೆ. ಮೇಲಿನ ಎರಡು ದರ್ಜೆಗಳಿಂದ ಕೆಳಗಿಳಿದವರಿಗೆ ಸಂಬಳವೂ ಇಲ್ಲ. 1972ರಿಂದ ಒಂದು ನಿಯಮವಿತ್ತು: ಪಂದ್ಯದಲ್ಲಿ ಗಾಯಗೊಂಡವರು ಮುಂದಿನ ಟೂರ್ನಿಗೆ ಗೈರಾದರೂ ಸ್ಥಾನ ಕಳೆದುಕೊಳ್ಳುತ್ತಿರಲಿಲ್ಲ. ಅದನ್ನು ಬಳಸುವವರ ಸಂಖ್ಯೆ ಬಹಳವಾಯಿತೆಂಬ ಕಾರಣಕ್ಕೆ 2003ರ ಕೊನೆಗೆ ರದ್ದು ಮಾಡಿದರು. ಗಾಯಾಳುಗಳು ಹೆಚ್ಚಾದರೆಂದು ಆಸ್ಪತ್ರೆಯನ್ನೇ ಮುಚ್ಚಿದ ಹಾಗಿದೆ ಈ ತರ್ಕ. ಕಿಸೆನೊಸಾಟೊ 2004ರಲ್ಲಿ ಮೇಲ್ದರ್ಜೆಗೆ ಬಂದವರು, ಅಂದರೆ ಅವರ ಬೆಳವಣಿಗೆಯೆಲ್ಲ ನಡೆದದ್ದು ಗೈರಾದವನು ಕೆಳಗುರುಳುವ ಈ ಹೊಸ ಕಾಲದಲ್ಲಿ. ಯೊಕೊಝುನಾ ಆಗುವವರೆಗಿನ ಅಷ್ಟು ವರ್ಷಗಳಲ್ಲಿ ಅವರು ಗೈರಾದದ್ದು ಒಂದೇ ಒಂದು ದಿನ, 2014ರ ಜನವರಿಯಲ್ಲಿ, ಕಾಲಿನ ಬೆರಳಿನ ಗಾಯದಿಂದ. ಹಾಗೆ ಬೆಳೆದವರಿಗೆ ಯೊಕೊಝುನಾ ಆದ ಮೇಲೆ ಸ್ಥಾನ ಕಳೆದುಕೊಳ್ಳುವ ಭಯವಿರಲಿಲ್ಲ, ಬೇಕಾದಷ್ಟು ವಿಶ್ರಾಂತಿ ಪಡೆಯಬಹುದಿತ್ತಲ್ಲ ಎಂದರೆ ನಾನು ಒಪ್ಪುವುದಿಲ್ಲ. ನಿಯಮ ಬಿಡುವು ಕೊಟ್ಟರೂ ರೂಢಿಯಾದ ಮೈಮನಸ್ಸು ಬಿಡುವು ಕೊಡುವುದಿಲ್ಲ.

ಅವರಿಗೇ ಬೇಸರವಿಲ್ಲದಿರುವಾಗ ನಿಮಗೇಕೆ ಎಂದು ಒಬ್ಬರು ಕೇಳಿದ್ದಾರೆ. ನಿವೃತ್ತಿಯ ದಿನ ಕಿಸೆನೊಸಾಟೊ ಕಣ್ಣೀರಿಡುತ್ತ, ತಮ್ಮ ಸುಮೊ ಬದುಕಿನ ಬಗ್ಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ ಎಂದದ್ದು ನಿಜ. ಅದು ಅವರ ಘನತೆ. ಪಶ್ಚಾತ್ತಾಪ ಪಡಬೇಕಾದವರು ಅವರಲ್ಲ. ಆ ದಿನ ತಡೆಯುವ ಅಧಿಕಾರವಿದ್ದೂ ತಡೆಯದವರು, ಮತ್ತು ಅದನ್ನು ನೋಡಿ ಮೈಮರೆತು ಕೂಗಿದವರು. ಸುಮೊ ಬರಿಯ ಆಟವಲ್ಲ, ಅದೊಂದು ಧಾರ್ಮಿಕ ಸಂಪ್ರದಾಯ, ಅಲ್ಲಿ ಸಹನೆಯೇ ಮೌಲ್ಯ ಎನ್ನುವ ವಾದವನ್ನೂ ಕೇಳಿದ್ದೇನೆ. ಕಣವನ್ನು ಉಪ್ಪು ಚೆಲ್ಲಿ ಶುದ್ಧಿಗೊಳಿಸುವ ಸಂಪ್ರದಾಯಕ್ಕೆ ನನ್ನ ಗೌರವವಿದೆ. ಆದರೆ ಹರಿದ ಸ್ನಾಯುವಿನ ಮೇಲೆ ಆಡಿಸುವುದು ಯಾವ ದೇವರ ಸೇವೆಯೂ ಅಲ್ಲ.

ನನ್ನ ಕೆಲಸ ನಿಮಗೆಲ್ಲ ತಿಳಿದೇ ಇದೆ. ಭುಜ, ಮೊಣಕಾಲು ಕೆಡಿಸಿಕೊಂಡು ಬಂದ ಹುಡುಗರಿಗೆ ವ್ಯಾಯಾಮ ಹೇಳಿಕೊಟ್ಟು ಮತ್ತೆ ಮೈದಾನಕ್ಕೆ ಕಳಿಸುವುದೇ ನನ್ನ ದಿನನಿತ್ಯ. ಗಾಯವಾದ ಮೇಲೆ ಆಡಿದ ಆ ಒಂದು ಪಂದ್ಯದ ಬಗ್ಗೆ ಅವರು ಹೆಮ್ಮೆಯಿಂದ ಹೇಳುತ್ತಾರೆ, ಪಕ್ಕದಲ್ಲಿ ಕುಳಿತ ತಂದೆಯೂ ಹೆಮ್ಮೆಯಿಂದ ತಲೆಯಾಡಿಸುತ್ತಾರೆ. ನಾನು ಕೈ ಹಿಡಿದು ಮೇಲೆತ್ತಲು ಹೇಳಿದಾಗ ಅದು ಅರ್ಧಕ್ಕೇ ನಿಲ್ಲುತ್ತದೆ. ಇಂಥ ವಿಡಿಯೊಗಳನ್ನು ಆ ಹುಡುಗರೂ ನೋಡುತ್ತಾರೆ, ಹಾಗಾಗಿ ನನಗೆ ಸುಮ್ಮನಿರಲು ಆಗುವುದಿಲ್ಲ.

ಅಂದು ಸೋತ ತೆರುನೊಫುಜಿ ಅವರ ಕತೆಯನ್ನೂ ಯಾರೂ ಹಂಚುವುದಿಲ್ಲ. ಮೊಣಕಾಲುಗಳು ಕೆಟ್ಟು, ಕಾಯಿಲೆಗಳೂ ಸೇರಿ, ಓಝೆಕಿ ಪದವಿಯನ್ನು ಕಳೆದುಕೊಂಡ ಅವರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಟೂರ್ನಿಗಳ ಮೇಲೆ ಟೂರ್ನಿ ಗೈರಾದರು, 2019ರ ಮಾರ್ಚಿನಲ್ಲಿ ಕೆಳಗಿನಿಂದ ಎರಡನೆಯ ದರ್ಜೆಯಲ್ಲಿ ಹೊಸಬರ ಜೊತೆ ಮತ್ತೆ ಆಡತೊಡಗಿದರು. 2020ರ ಜುಲೈಯಲ್ಲಿ ಅತ್ಯುನ್ನತ ದರ್ಜೆಗೆ ಮರಳಿದ ಟೂರ್ನಿಯಲ್ಲೇ ಪ್ರಶಸ್ತಿ ಗೆದ್ದು, 2021ರಲ್ಲಿ 73ನೆಯ ಯೊಕೊಝುನಾ ಆದರು. ಒಟ್ಟು ಹತ್ತು ಪ್ರಶಸ್ತಿ ಗಳಿಸಿ 2025ರ ಜನವರಿಯಲ್ಲಿ ನಿವೃತ್ತರಾದರು. ವಿಶ್ರಾಂತಿಗಾಗಿ ಅವರು ಸ್ಥಾನ, ಸಂಬಳ ಎಲ್ಲವನ್ನೂ ಬಿಡಬೇಕಾಯಿತು, ಅದೂ ಅನ್ಯಾಯವೇ. ಆದರೆ ದೇಹ ಮಾಗಲು ಸಮಯ ಕೊಟ್ಟವರು ಮರಳಿ ಬಂದರು.

ಕಿಸೆನೊಸಾಟೊ ನಿವೃತ್ತಿಯ ಬಳಿಕ ವಾಸೆದಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಿದರು, ಇಬರಾಕಿಯ ಅಮಿ ಪಟ್ಟಣದಲ್ಲಿ ಎರಡು ಅಭ್ಯಾಸ ಕಣಗಳಿರುವ ಗರಡಿ ಕಟ್ಟಿದರು. ಅವರ ಶಿಷ್ಯ ಒನೊಸಾಟೊ 2025ರ ಮೇಯಲ್ಲಿ 75ನೆಯ ಯೊಕೊಝುನಾ ಆದರು, ಗುರುವಿನ ನಂತರ ಆ ಪಟ್ಟಕ್ಕೇರಿದ ಮೊದಲ ಜಪಾನ್ ಸಂಜಾತ ಜಟ್ಟಿ ಅವರೇ. ಅದೇ ವರ್ಷದ ನವೆಂಬರಿನಲ್ಲಿ, ಹದಿನಾಲ್ಕು ದಿನ ಮುಗಿದಾಗ ಒನೊಸಾಟೊ ಇನ್ನಿಬ್ಬರ ಜೊತೆ ಸಮನಾಗಿ ಅಗ್ರಸ್ಥಾನದಲ್ಲಿದ್ದರು. ಎಡಭುಜಕ್ಕೆ ಗಾಯವಾಗಿತ್ತು. ಕೊನೆಯ ದಿನ ಅವರು ಕಣಕ್ಕಿಳಿಯಲಿಲ್ಲ. ಪ್ರಶಸ್ತಿ ಅವೊನಿಶಿಕಿ ಅವರ ಪಾಲಾಯಿತು. ನನ್ನ ಮಟ್ಟಿಗೆ ಆ ಗೈರು 2017ರ ಗೆಲುವಿಗಿಂತ ದೊಡ್ಡದು. ಸ್ನೇಹಿತರೇ, ಮುಂದಿನ ಸಲ ಏನಾದರೂ ಕಳಿಸಬೇಕೆನಿಸಿದರೆ ಆ ದಿನದ ಸುದ್ದಿಯನ್ನು ಕಳಿಸಿ. ನಾನು ಅದನ್ನು ನನ್ನ ಹುಡುಗರಿಗೂ ತೋರಿಸುತ್ತೇನೆ, ಅವರ ಅಪ್ಪಂದಿರಿಗೂ ತೋರಿಸುತ್ತೇನೆ.